ಓದುಗರ ಪ್ರಶ್ನೆ, ನಮ್ಮ ಉತ್ತರ: ಎನ್‌ಎಫ್‌ಟಿ ಕೊಂಡವರಿಗೆ ದಕ್ಕುವುದೇನು?

ಡಿಜಿಟಲ್ ಕಲಾಕೃತಿಗಳನ್ನೂ ಸಂಗ್ರಹದ ವಸ್ತುಗಳನ್ನೂ ಎನ್‌ಎಫ್‌ಟಿ (ನಾನ್-ಫಂಜಿಬಲ್ ಟೋಕನ್, ಎಂದರೆ ಒಂದರ ಬದಲು ಇನ್ನೊಂದನ್ನು ಇಡಲಾಗದ ಡಿಜಿಟಲ್ ಗುರುತು) ರೂಪದಲ್ಲಿ ಕೊಳ್ಳುವ, ಮಾರುವ ವಿಚಾರವಾಗಿ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಹಣದ ವಿಚಾರವಾದ್ದರಿಂದ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಹುಬ್ಬಳ್ಳಿಯಿಂದ ನಿವೃತ್ತ ಅಧ್ಯಾಪಕರೊಬ್ಬರು: ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗ, ನನ್ನ ನಿವೃತ್ತಿ ಹಣದ ಠೇವಣಿಯಿಂದ ಎರಡು ಲಕ್ಷ ರೂಪಾಯಿ ತೆಗೆದು ಎನ್‌ಎಫ್‌ಟಿಗೆ ಹಾಕೋಣ ಎನ್ನುತ್ತಿದ್ದಾನೆ. ಮೂಲ ಚಿತ್ರಕ್ಕೆ ನಾವೇ ಒಡೆಯರಾಗುತ್ತೇವೆ ಎಂಬುದು ಅವನ ವಾದ. ಅವನು ತೋರಿಸಿದ ಚಿತ್ರವನ್ನೇ ನಾನು ನನ್ನ ಮೊಬೈಲ್‌ಗೆ ಇಳಿಸಿಕೊಂಡು ನೋಡಿದೆ, ಯಾರೂ ತಡೆಯಲಿಲ್ಲ. ಹಾಗಾದರೆ ನಾವು ದುಡ್ಡು ಕೊಟ್ಟು ಕೊಳ್ಳುವುದು ಏನನ್ನು?

ಉತ್ತರ: ಮೊಬೈಲ್‌ನಲ್ಲಿ ನೀವು ಮಾಡಿ ನೋಡಿದ ಪರೀಕ್ಷೆಯಲ್ಲೇ ಅರ್ಧ ಉತ್ತರವಿದೆ. ನಮ್ಮಲ್ಲಿ ನಿವೇಶನ ಕೊಂಡವರೆಲ್ಲ ಒಂದಲ್ಲ ಒಂದು ಹಂತದಲ್ಲಿ ವಕೀಲರ ಬಾಯಿಂದ ಕೇಳಿರುವ ಮಾತೊಂದಿದೆ: ಖಾತೆ ನಿಮ್ಮ ಹೆಸರಿನಲ್ಲಿದ್ದ ಮಾತ್ರಕ್ಕೆ ಜಾಗ ನಿಮ್ಮದೆಂದು ಸಾಬೀತಾಗುವುದಿಲ್ಲ. ಎನ್‌ಎಫ್‌ಟಿಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಹೊಳೆದಿಲ್ಲ. ಬ್ಲಾಕ್‌ಚೈನ್ ಎಂಬುದು ಸಾವಿರಾರು ಕಂಪ್ಯೂಟರ್‌ಗಳು ಏಕಕಾಲಕ್ಕೆ ಇಟ್ಟುಕೊಂಡಿರುವ, ಒಬ್ಬರು ತಿದ್ದಲು ಬಾರದ ಲೆಕ್ಕದ ಪುಸ್ತಕ. ಅದರಲ್ಲಿ 'ಇಂಥ ಸಂಗ್ರಹದ ಇಷ್ಟನೇ ಸಂಖ್ಯೆಯ ಟೋಕನ್ ಇಂಥ ವಾಲೆಟ್ ವಿಳಾಸಕ್ಕೆ ಸೇರಿದೆ' ಎಂಬ ಒಂದು ಸಾಲು ಇರುತ್ತದೆ. ವಾಲೆಟ್ ಎಂದರೆ ಟೋಕನ್‌ಗಳ ಮೇಲೆ ಹಿಡಿತ ಕೊಡುವ ಡಿಜಿಟಲ್ ಕೈಚೀಲ. ನೀವು ಕೊಳ್ಳುವುದು ಆ ಸಾಲನ್ನು. ಚಿತ್ರ ಬಹುಮಟ್ಟಿಗೆ ಬೇರೆಲ್ಲೋ ಇರುತ್ತದೆ, ಅದು ಎಲ್ಲಿದೆ ಎಂಬ ಕೊಂಡಿಯಷ್ಟೇ ಟೋಕನ್‌ಗೆ ಅಂಟಿಕೊಂಡಿರುತ್ತದೆ. ಚಿತ್ರದ ಕೃತಿಸ್ವಾಮ್ಯ, ಎಂದರೆ ಅದನ್ನು ಅಚ್ಚು ಹಾಕಿಸುವ, ಅಂಗಿಯ ಮೇಲೆ ಮುದ್ರಿಸಿ ಮಾರುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ ಕಲಾವಿದರ ಬಳಿಯೇ ಉಳಿಯುತ್ತದೆ. ವಾನರ ಚಿತ್ರಗಳ ಬೋರ್ಡ್ ಏಪ್‌ನಂಥ ಕೆಲವು ಸಂಗ್ರಹಗಳು ತಮ್ಮ ಷರತ್ತುಗಳಲ್ಲಿ ಕೊಂಡವರಿಗೆ ವಾಣಿಜ್ಯ ಬಳಕೆಯ ಅವಕಾಶ ಕೊಟ್ಟಿವೆ ನಿಜ, ಆದರೆ ಆ ಹಕ್ಕು ಬರುವುದು ಷರತ್ತಿನ ಪತ್ರದಿಂದಲೇ ಹೊರತು ಟೋಕನ್‌ನಿಂದ ತಾನಾಗಿ ಅಲ್ಲ.

ಇನ್ನು ನಿಮ್ಮ ಮಗನ ಉತ್ಸಾಹದ ಹಿಂದೆ ಯಾವ ಕಥೆಗಳಿರಬಹುದು ಎಂಬುದನ್ನು ಊಹಿಸುವುದು ಕಷ್ಟವೇನಲ್ಲ. 2017ರ ಜೂನ್‌ನಲ್ಲಿ ಲಾರ್ವಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ ಕ್ರಿಪ್ಟೋಪಂಕ್ಸ್ ಹೆಸರಿನ 10,000 ಪುಟ್ಟ ಮುಖಚಿತ್ರಗಳನ್ನು ಹೊರತಂದಾಗ ಅವುಗಳಲ್ಲಿ ಹೆಚ್ಚಿನವನ್ನು ಕೇಳಿದವರಿಗೆ ಪುಕ್ಕಟೆಯಾಗಿಯೇ ಕೊಟ್ಟಿತ್ತು. ನಾಲ್ಕು ವರ್ಷಗಳಲ್ಲಿ ಅವುಗಳಲ್ಲಿ ಕೆಲವು ಲಕ್ಷಾಂತರ ಡಾಲರಿಗೆ ಕೈ ಬದಲಿಸಿದವು. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ, ಬೀಪಲ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಮೆರಿಕದ ಮೈಕ್ ವಿಂಕಲ್‌ಮನ್ ದಿನಕ್ಕೊಂದರಂತೆ 5,000 ದಿನ ರಚಿಸಿದ ಚಿತ್ರಗಳ ಸಂಯೋಜನೆಯು 6.93 ಕೋಟಿ ಡಾಲರಿಗೆ, ಆಗಿನ ವಿನಿಮಯ ದರದಲ್ಲಿ ಸುಮಾರು 500 ಕೋಟಿ ರೂಪಾಯಿಗೆ, ಹರಾಜಾಯಿತು. ಕೊಂಡವರು ತಮಿಳುನಾಡು ಮೂಲದ, ಸಿಂಗಪುರದಲ್ಲಿ ನೆಲೆಸಿರುವ ವಿಘ್ನೇಶ್ ಸುಂದರೇಶನ್. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ದೇಶದಲ್ಲೂ ಅಮಿತಾಭ್ ಬಚ್ಚನ್ ಅವರ ಎನ್‌ಎಫ್‌ಟಿಗಳ ಹರಾಜು ನಡೆದು ಏಳು ಕೋಟಿ ರೂಪಾಯಿ ದಾಟಿತು.

ಈ ಕಥೆಗಳನ್ನು ಹೇಳುವವರು ಬಿಟ್ಟುಬಿಡುವ ಇನ್ನೊಂದು ಕಥೆಯನ್ನು ನಿಮ್ಮ ಮಗನಿಗೆ ಹೇಳಿ. ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಜ್ಯಾಕ್ ಡಾರ್ಸಿ 2006ರಲ್ಲಿ ಬರೆದ ಮೊಟ್ಟಮೊದಲ ಟ್ವೀಟ್ ಎನ್‌ಎಫ್‌ಟಿಯಾಗಿ 2021ರ ಮಾರ್ಚ್‌ನಲ್ಲಿ 29 ಲಕ್ಷ ಡಾಲರಿಗೆ, ಅಂದರೆ ಸುಮಾರು 21 ಕೋಟಿ ರೂಪಾಯಿಗೆ, ಮಾರಾಟವಾಯಿತು. ಕೊಂಡ ಉದ್ಯಮಿ ಒಂದು ವರ್ಷದ ಬಳಿಕ ಅದಕ್ಕೆ 4.8 ಕೋಟಿ ಡಾಲರ್ ಬೆಲೆ ಹೇಳಿ ಮಾರಾಟಕ್ಕಿಟ್ಟರು. ಅವರು ಕೊಟ್ಟ ಗಡುವು ಮುಗಿಯುವ ಹೊತ್ತಿಗೆ ಬಂದಿದ್ದ ಬೇಡಿಕೆಗಳು ಏಳು. ಅವುಗಳಲ್ಲಿ ಅತಿ ಹೆಚ್ಚಿನದು 280 ಡಾಲರ್‌ನ ಆಸುಪಾಸಿನದು. 21 ಕೋಟಿ ರೂಪಾಯಿಯ ವಸ್ತುವನ್ನು ಜಗತ್ತು 21 ಸಾವಿರಕ್ಕೆ ಕೇಳಿತು. ಆ ಒಂದು ವರ್ಷದಲ್ಲಿ ಟ್ವೀಟ್‌ನ ಒಂದಕ್ಷರವೂ ಬದಲಾಗಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಡ್ಯಾಪ್‌ಗ್ಯಾಂಬಲ್ ಎಂಬ ತಾಣ 73,257 ಸಂಗ್ರಹಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ 69,795ರ ಮಾರುಕಟ್ಟೆ ಮೌಲ್ಯ ಸೊನ್ನೆ ಎಂದು ಕಂಡುಬಂತು.

ಹೀಗಾಗುವುದಕ್ಕೆ ಕಾರಣ ಸರಳ. ಮನೆ ಬಾಡಿಗೆ ತರುತ್ತದೆ, ಷೇರು ಲಾಭಾಂಶ ತರುತ್ತದೆ, ಠೇವಣಿ ಬಡ್ಡಿ ತರುತ್ತದೆ, ಕೊನೆಗೆ ಅಡಿಕೆ ಮರವೂ ವರ್ಷಕ್ಕೊಮ್ಮೆ ಗೊನೆ ಬಿಡುತ್ತದೆ. ಎನ್‌ಎಫ್‌ಟಿ ತನ್ನೊಳಗಿಂದ ಏನನ್ನೂ ಹುಟ್ಟಿಸುವುದಿಲ್ಲ. ನಿಮ್ಮ ನಂತರ ಕೊಳ್ಳುವವನೊಬ್ಬ ನಿಮಗಿಂತ ಹೆಚ್ಚು ಕೊಡಲು ಸಿದ್ಧನಿದ್ದರೆ ಲಾಭ, ಇಲ್ಲದಿದ್ದರೆ ಇಲ್ಲ. ಅದರ ಮೇಲೆ, ಬೆಲೆಯನ್ನು ಸಾಮಾನ್ಯವಾಗಿ ಈಥರ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ ಹೇಳುವುದರಿಂದ ಏರಿಳಿತ ಎರಡು ಕಡೆಯಿಂದ ಬರುತ್ತದೆ. ಟೋಕನ್‌ನ ಬೆಲೆ ಈಥರ್‌ನಲ್ಲಿ ನಿಂತಲ್ಲೇ ನಿಂತಿದ್ದರೂ ರೂಪಾಯಿಯಲ್ಲಿ ಅರ್ಧವಾಗಬಹುದು. ಮಾರುಕಟ್ಟೆ ತಾಣದಲ್ಲಿ ಕಾಣುವ ಹಿಂದಿನ ಮಾರಾಟಗಳ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಒಬ್ಬನೇ ಮನುಷ್ಯ ನಾಲ್ಕು ವಾಲೆಟ್ ಇಟ್ಟುಕೊಂಡು ತಾನೇ ಕೂಗಿ ತಾನೇ ಕೊಂಡು ಬೆಲೆ ಏರಿಸಿ ತೋರಿಸುವುದು ಅಲ್ಲಿ ಹಳೆಯ ಚಾಳಿ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿಯು 2022ರ ಏಪ್ರಿಲ್ 1ರಿಂದ, ಕ್ರಿಪ್ಟೋ ಮತ್ತು ಎನ್‌ಎಫ್‌ಟಿಗಳು ನಿಯಂತ್ರಣಕ್ಕೆ ಒಳಪಡದವು, ಅಪಾಯಕಾರಿಯಾಗಿರಬಹುದು, ನಷ್ಟವಾದರೆ ಯಾವುದೇ ನಿಯಂತ್ರಕರಿಂದ ಪರಿಹಾರ ಸಿಗದಿರಬಹುದು ಎಂಬ ಎಚ್ಚರಿಕೆ ಜಾಹೀರಾತುಗಳಲ್ಲಿ ಇರಲೇಬೇಕೆಂದು ಸೂಚಿಸಿದ್ದು ಇಂಥ ಕಾರಣಗಳಿಗಾಗಿಯೇ.

ನಿವೃತ್ತಿಯ ಠೇವಣಿಯನ್ನು ಮುರಿಯಬೇಡಿ. ಮಗನಿಗೆ ಯಾವುದಾದರೂ ಚಿತ್ರ ನಿಜವಾಗಿ ಮನಸ್ಸಿಗೆ ಹಿಡಿಸಿದ್ದರೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದಾಗ ಒಂದು ಚಿತ್ರಕ್ಕೆ ಎಷ್ಟು ಕೊಟ್ಟು ಬರುತ್ತಾನೋ ಅಷ್ಟನ್ನು ತನ್ನ ಸಂಬಳದಿಂದ ಕೊಟ್ಟು ಕೊಳ್ಳಲಿ. ಅದು ಖರ್ಚು. ಖರ್ಚೆಂದು ಬರೆದಿಟ್ಟರೆ ಮನೆಯಲ್ಲಿ ಜಗಳವಿರುವುದಿಲ್ಲ.

ಸಾಗರದಿಂದ ಚಿತ್ತಾರ ಕಲಾವಿದೆಯೊಬ್ಬರು: ನನ್ನ ಚಿತ್ರಗಳ ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿರುತ್ತೇನೆ. ವಿದೇಶದವರೊಬ್ಬರು ನಾಲ್ಕು ಚಿತ್ರಗಳನ್ನು ತಲಾ ಒಂದೂವರೆ ಈಥರ್ ಕೊಟ್ಟು ಎನ್‌ಎಫ್‌ಟಿಯಾಗಿ ಕೊಳ್ಳುವುದಾಗಿ ಬರೆದಿದ್ದಾರೆ. ಅವರು ಹೇಳಿದ ತಾಣದಲ್ಲಿ ನಾನು ಮೊದಲು ಚಿತ್ರಗಳನ್ನು 'ಮಿಂಟ್' ಮಾಡಬೇಕಂತೆ, ಎಂದರೆ ಟೋಕನ್ ಆಗಿಸಬೇಕಂತೆ, ಅದಕ್ಕೆ ಹದಿನೈದು ಸಾವಿರ ರೂಪಾಯಿ 'ಗ್ಯಾಸ್' ಶುಲ್ಕ ಕಟ್ಟಬೇಕಂತೆ. ಕಟ್ಟಲೇ?

ಉತ್ತರ: ಕಟ್ಟಬೇಡಿ. ಇದು ಕಲಾವಿದರನ್ನೇ ಹುಡುಕಿಕೊಂಡು ಬರುವ ಹೆಸರುವಾಸಿ ಮೋಸ, ಮತ್ತು ಇದರ ನಡೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ನೀವು ಹದಿನೈದು ಸಾವಿರ ಕಟ್ಟಿದ ಮರುದಿನ ಆ ತಾಣದಲ್ಲಿ ನಿಮ್ಮ ನಾಲ್ಕೂ ಚಿತ್ರಗಳು ಮಾರಾಟವಾದವೆಂದು ತೋರಿಸುತ್ತದೆ. ನಿಮ್ಮ ಖಾತೆಯಲ್ಲಿ ಆರು ಈಥರ್ ಜಮೆಯಾದಂತೆ ಕಾಣುತ್ತದೆ. ಅದನ್ನು ಹೊರತೆಗೆಯಲು ಹೋದಾಗ ತೆರಿಗೆಯೆಂದೋ ಖಾತೆ ಪರಿಶೀಲನೆಯ ಶುಲ್ಕವೆಂದೋ ಇನ್ನೊಂದಿಷ್ಟು ಸಾವಿರ ಕೇಳುತ್ತಾರೆ. ಪರದೆಯ ಮೇಲಿನ ಆರು ಈಥರ್ ಬರೀ ಅಂಕಿ. ನಿಜವಾದ ಗ್ಯಾಸ್ ಶುಲ್ಕ ಎಂಬುದೊಂದು ಇದೆ. ಬ್ಲಾಕ್‌ಚೈನ್‌ನ ಪುಸ್ತಕದಲ್ಲಿ ಹೊಸ ಸಾಲು ಬರೆಸಲು ಆ ಜಾಲಕ್ಕೆ ಕೊಡುವ ಕೂಲಿ ಅದು. ಅದು ನಿಮ್ಮ ವಾಲೆಟ್‌ನಿಂದ ನೇರವಾಗಿ ಜಾಲಕ್ಕೆ ಹೋಗುತ್ತದೆಯೇ ಹೊರತು ಯಾರ ಬ್ಯಾಂಕ್ ಖಾತೆಗೂ ಯುಪಿಐ ಮೂಲಕ ಹೋಗುವುದಿಲ್ಲ. 2021ರ ಭರಾಟೆಯಲ್ಲಿ ಈಥರ್ ನಾಣ್ಯದ ಇಥೀರಿಯಂ ಜಾಲದಲ್ಲಿ ಅದು ಸಾವಿರಾರು ರೂಪಾಯಿ ಮುಟ್ಟಿದ್ದುಂಟು, ಆದರೆ ಈಗ ಅಗ್ಗದ ಉಪಜಾಲಗಳಲ್ಲಿ ಕೆಲವೇ ರೂಪಾಯಿಗಳಲ್ಲಿ ಮುಗಿಯುತ್ತದೆ, ಕೆಲವು ತಾಣಗಳಲ್ಲಂತೂ ಚಿತ್ರ ಮಾರಾಟವಾಗುವವರೆಗೂ ಕಲಾವಿದರು ಏನನ್ನೂ ಕೊಡಬೇಕಾಗಿಲ್ಲ. ನಿಜವಾಗಿ ಕೊಳ್ಳಬೇಕೆನ್ನುವವನು ಯಾವ ತಾಣದಲ್ಲಿ ಮಾರಬೇಕೆಂಬುದನ್ನು ನಿಮಗೇ ಬಿಡುತ್ತಾನೆ.

ಮೋಸದ ಮಾತು ಅಲ್ಲಿಗೆ ಬಿಡೋಣ. ನಿಮ್ಮ ಪತ್ರದ ಜೊತೆಗಿದ್ದ ಫೋಟೋವನ್ನು ಬಹಳ ಹೊತ್ತು ನೋಡಿದೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚದಿಂದ ಕೈ ನಡುಗದೆ ಎಳೆದ ಗೆರೆ. ಮದುವೆ ಮನೆಯ ಹಸೆಗೋಡೆಗೆ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಬರೆದುಕೊಂಡು ಬಂದದ್ದನ್ನು ನೀವು ಕಾಗದಕ್ಕೆ ತಂದಿದ್ದೀರಿ. ಇಂಥ ಚಿತ್ರಗಳನ್ನು ಮುಂದೆ ಎಂದಾದರೂ ಡಿಜಿಟಲ್ ರೂಪದಲ್ಲಿ ಮಾರುವ ಮನಸ್ಸಾದರೆ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಪರಂಪರೆಯಿಂದ ಬಂದ ವಿನ್ಯಾಸದ ಮೇಲೆ ಯಾರೊಬ್ಬರಿಗೂ ಕೃತಿಸ್ವಾಮ್ಯವಿಲ್ಲ, ಆದರೆ ನೀವು ರಚಿಸಿದ ನಿರ್ದಿಷ್ಟ ಚಿತ್ರದ ಕೃತಿಸ್ವಾಮ್ಯ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ನಿಮ್ಮ ಸಹಿಯುಳ್ಳ ಬರಹ ಬೇಕೇ ಬೇಕು. ಹೀಗಾಗಿ ಟೋಕನ್ ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಕೈಬಿಟ್ಟು ಹೋಗುವುದಿಲ್ಲ, ಅದೇ ರೀತಿ ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಚಿತ್ರವನ್ನು ಬೇರೊಬ್ಬ ಮಿಂಟ್ ಮಾಡಿದರೆ ಅವನಿಗೆ ಯಾವ ಹಕ್ಕೂ ಬರುವುದಿಲ್ಲ. ಹೀಗೆ ಕದ್ದು ಮಿಂಟ್ ಮಾಡುವುದು ಅಪರೂಪವೂ ಅಲ್ಲ. ಓಪನ್‌ಸೀ ಎಂಬ ದೊಡ್ಡ ಮಾರುಕಟ್ಟೆಯೇ 2022ರ ಜನವರಿಯಲ್ಲಿ, ತನ್ನ ಉಚಿತ ಸಾಧನದ ಮೂಲಕ ತಯಾರಾದವುಗಳಲ್ಲಿ ಶೇ. 80ಕ್ಕೂ ಹೆಚ್ಚು ಕದ್ದ ಕೃತಿಗಳು, ನಕಲಿ ಸಂಗ್ರಹಗಳು ಅಥವಾ ಕಸ ಎಂದು ಒಪ್ಪಿಕೊಂಡಿತ್ತು. ಹಾಗೆ ನಿಮ್ಮ ಚಿತ್ರ ಎಲ್ಲಾದರೂ ಕಂಡರೆ ಆ ತಾಣಕ್ಕೆ ಕೃತಿಸ್ವಾಮ್ಯದ ದೂರು ಕೊಟ್ಟು ತೆಗೆಸಬಹುದು.

ಪ್ರತಿ ಮರುಮಾರಾಟದಲ್ಲೂ ಕಲಾವಿದರಿಗೆ ಪಾಲು ಬರುತ್ತದೆ ಎಂಬ ಆಶ್ವಾಸನೆಯನ್ನು ನಿಮಗೂ ಯಾರಾದರೂ ಕೊಟ್ಟಿರಬಹುದು. ಎನ್‌ಎಫ್‌ಟಿ ಕಲಾವಿದರನ್ನು ಸೆಳೆದದ್ದೇ ಆ ಮಾತಿನಿಂದ. ಆದರೆ ಪಾಲು ಕೊಡಿಸುತ್ತಿದ್ದದ್ದು ಮಾರುಕಟ್ಟೆ ತಾಣಗಳ ಔದಾರ್ಯವೇ ಹೊರತು ಟೋಕನ್‌ನ ಗುಣವಲ್ಲ. ಪೈಪೋಟಿ ಹೆಚ್ಚಾದಾಗ, 2023ರ ಆಗಸ್ಟ್‌ನಲ್ಲಿ, ಓಪನ್‌ಸೀ ಕೂಡ ಆ ಪಾಲನ್ನು ಕಡ್ಡಾಯಪಡಿಸುವುದನ್ನು ಕೈಬಿಡುವುದಾಗಿ ಘೋಷಿಸಿತು. ವಿಚಿತ್ರವೆಂದರೆ ನಮ್ಮ ಹಳೆಯ ಕಾಯ್ದೆಯ 53ಎ ಸೆಕ್ಷನ್, ಹತ್ತು ಸಾವಿರ ರೂಪಾಯಿಗೂ ಮೇಲಿನ ಬೆಲೆಗೆ ಮರುಮಾರಾಟವಾಗುವ ಮೂಲ ಚಿತ್ರದಲ್ಲಿ ಕಲಾವಿದರಿಗೆ ಶೇ. 10ನ್ನು ಮೀರದ ಪಾಲಿನ ಹಕ್ಕನ್ನು ಎಂದೋ ಬರೆದಿಟ್ಟಿದೆ. ನಿಮ್ಮ ಕಾಗದದ ಚಿತ್ರಗಳನ್ನು ಮಾರುವಾಗ ಕೊಂಡವರ ಹೆಸರು, ಬೆಲೆ, ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮತ್ತು ಟೋಕನ್ ಕೊಂಡವರಿಗೆ ಕಾಗದದ ಮೂಲ ಚಿತ್ರವೂ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ.

ಮಂಗಳೂರಿನಿಂದ: ಕಳೆದ ಹಣಕಾಸು ವರ್ಷದಲ್ಲಿ ಮೂರು ಲಕ್ಷಕ್ಕೆ ಕೊಂಡಿದ್ದ ಒಂದು ಎನ್‌ಎಫ್‌ಟಿಯನ್ನು ನಲವತ್ತು ಸಾವಿರಕ್ಕೆ ಮಾರಿದೆ. ಐವತ್ತು ಸಾವಿರಕ್ಕೆ ಕೊಂಡಿದ್ದ ಇನ್ನೊಂದು ಒಂದೂವರೆ ಲಕ್ಷಕ್ಕೆ ಹೋಯಿತು. ಒಟ್ಟಿನಲ್ಲಿ ನನಗೆ ನಷ್ಟವೇ ಆಗಿರುವುದರಿಂದ ತೆರಿಗೆ ಬಾರದು ತಾನೇ?

ಉತ್ತರ: ಬರುತ್ತದೆ. 2022ರ ಬಜೆಟ್‌ನಿಂದೀಚೆಗೆ ಎನ್‌ಎಫ್‌ಟಿಯನ್ನೂ ಕ್ರಿಪ್ಟೋವನ್ನೂ 'ವರ್ಚುವಲ್ ಡಿಜಿಟಲ್ ಆಸ್ತಿ' ಎಂಬ ಒಂದೇ ಬುಟ್ಟಿಗೆ ಹಾಕಲಾಗಿದೆ. ಇವುಗಳ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಹಾಗಾಗಿ ನಿಮ್ಮ ಮೊದಲನೆಯ ಮಾರಾಟದ 2,60,000 ರೂಪಾಯಿ ನಷ್ಟ ತೆರಿಗೆ ಇಲಾಖೆಯ ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದರ 1,00,000 ರೂಪಾಯಿ ಲಾಭಕ್ಕೆ 30,000 ತೆರಿಗೆ, 1,200 ಸೆಸ್, ಒಟ್ಟು 31,200 ರೂಪಾಯಿ ಕಟ್ಟಬೇಕು. ನಿಜಕ್ಕೂ 1,60,000 ಕಳೆದುಕೊಂಡವರ ಕೈಯಿಂದ ಇದು ಹೋಗುವುದು ಕಟುವಾಗಿ ಕಂಡರೂ ಕಾಯ್ದೆ ಇರುವುದು ಹಾಗೆಯೇ.

ಲಾಭ ಲೆಕ್ಕ ಹಾಕುವಾಗ ಕೊಂಡ ಬೆಲೆಯೊಂದನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ. ಭಾರತೀಯ ತಾಣದ ಮೂಲಕ ಮಾರಿದ್ದರೆ ಮಾರಾಟದ ಮೊತ್ತದ ಮೇಲೆ ಶೇ. 1ರಷ್ಟನ್ನು, ನಿಮ್ಮ ಲೆಕ್ಕದಲ್ಲಿ 400 ಮತ್ತು 1,500 ರೂಪಾಯಿಯನ್ನು, ಮೂಲದಲ್ಲೇ ಮುರಿದುಕೊಂಡಿರುತ್ತಾರೆ. ಆ 1,900 ರೂಪಾಯಿ ನಿಮ್ಮ 26ಎಎಸ್ ನಮೂನೆಯಲ್ಲಿ ಕಂಡರೆ ಕಟ್ಟಬೇಕಾದದ್ದರಿಂದ ಕಳೆದುಕೊಳ್ಳಬಹುದು. ಹಲವರಿಗೆ ಹೊಳೆಯದ ಇನ್ನೊಂದು ಅಂಶವಿದೆ. ನೀವು ರೂಪಾಯಿ ಕೊಟ್ಟು ಈಥರ್ ಕೊಂಡು, ಆ ಈಥರ್ ಕೊಟ್ಟು ಎನ್‌ಎಫ್‌ಟಿ ಕೊಂಡಿದ್ದರೆ, ಈಥರ್ ಕೈಬಿಟ್ಟ ಆ ಕ್ಷಣವೇ ಒಂದು ಮಾರಾಟ. ಅಷ್ಟರಲ್ಲಿ ಈಥರ್‌ನ ಬೆಲೆ ಏರಿದ್ದರೆ ಆ ಏರಿಕೆಗೂ ಇದೇ ಶೇ. 30 ಅನ್ವಯವಾಗುತ್ತದೆ. ರಿಟರ್ನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಅನುಸೂಚಿ ಇದೆ, ಪ್ರತಿ ವ್ಯವಹಾರದ ಕೊಂಡ ದಿನ, ಮಾರಿದ ದಿನ, ಮೊತ್ತಗಳನ್ನು ಅಲ್ಲಿ ಸಾಲುಸಾಲಾಗಿ ಕೊಡಬೇಕು. ಟೋಕನ್ ಜೊತೆಗೆ ಕಾಗದದ ಚಿತ್ರದಂಥ ಭೌತಿಕ ವಸ್ತುವಿನ ಒಡೆತನವೂ ಕಾನೂನುಬದ್ಧವಾಗಿ ವರ್ಗಾವಣೆಯಾಗುವಂತಿದ್ದರೆ ಅಂಥವನ್ನು 2022ರ ಜೂನ್ 30ರ ಅಧಿಸೂಚನೆ ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಿಮ್ಮವು ಹಾಗಿರುವಂತೆ ಕಾಣಲಿಲ್ಲ.

ಬೆಂಗಳೂರಿನಿಂದ ಯುವ ಓದುಗರೊಬ್ಬರು: ನಾಲ್ಕು ವರ್ಷಗಳ ಹಿಂದೆ ಕೊಂಡ ಎನ್‌ಎಫ್‌ಟಿ ನನ್ನ ವಾಲೆಟ್‌ನಲ್ಲಿ ಈಗಲೂ ಇದೆ, ಆದರೆ ಚಿತ್ರವಿದ್ದ ಜಾಗ ಖಾಲಿ ಕಾಣುತ್ತಿದೆ. ಬ್ಲಾಕ್‌ಚೈನ್‌ನಲ್ಲಿದ್ದದ್ದು ಅಳಿಯುವುದಿಲ್ಲ ಎಂದಿದ್ದರಲ್ಲ?

ಉತ್ತರ: ಅಳಿಯದೆ ಉಳಿದಿರುವುದು ಮೊದಲ ಉತ್ತರದಲ್ಲಿ ಹೇಳಿದ ಆ ಸಾಲು. ಚಿತ್ರವಿದ್ದ ಸರ್ವರ್‌ಗೆ ಬಾಡಿಗೆ ಕಟ್ಟುವವರು ನಿಲ್ಲಿಸಿರಬೇಕು. ದೊಡ್ಡವರಿಗೂ ಹೀಗಾಗಿದೆ: ನೈಕಿ ಕಂಪನಿ 2021ರ ಡಿಸೆಂಬರ್‌ನಲ್ಲಿ ಕೊಂಡಿದ್ದ ಆರ್‌ಟಿಎಫ್‌ಕೆಟಿ ಸಂಸ್ಥೆಯ ಕ್ಲೋನ್‌ಎಕ್ಸ್ ಸಂಗ್ರಹದ ಚಿತ್ರಗಳು 2025ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಮಾಯವಾಗಿ, ಅವುಗಳ ಜಾಗದಲ್ಲಿ ಸರ್ವರ್ ಸೇವೆಯ ಷರತ್ತು ಮೀರಲಾಗಿದೆ ಎಂಬ ಸೂಚನಾಫಲಕ ಕೆಲಕಾಲ ಕಾಣಿಸಿಕೊಂಡಿತು. ನಿಮ್ಮದರ ಗತಿ ತಿಳಿಯಲು ಬ್ಲಾಕ್‌ಚೈನ್‌ನ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ತಾಣದಲ್ಲಿ ಆ ಸಂಗ್ರಹದ ಕಾಂಟ್ರ್ಯಾಕ್ಟ್ (ಟೋಕನ್‌ಗಳನ್ನು ನಡೆಸುವ ಪ್ರೋಗ್ರಾಂ) ತೆರೆದು, ಓದುವ ವಿಭಾಗದಲ್ಲಿ 'ಟೋಕನ್ ಯುಆರ್‌ಐ' ಎಂಬಲ್ಲಿ ನಿಮ್ಮ ಟೋಕನ್ ಸಂಖ್ಯೆ ಹಾಕಿ. ಬರುವ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಶುರುವಾಗಿ ಕಂಪನಿಯೊಂದರ ಹೆಸರಿಗೆ ಹೋಗುತ್ತಿದ್ದರೆ ಆ ಕಂಪನಿ ಇರುವವರೆಗೆ ಚಿತ್ರ. 'ಐಪಿಎಫ್‌ಎಸ್' (ಹಲವು ಕಂಪ್ಯೂಟರ್‌ಗಳು ಕಡತಗಳನ್ನು ಹಂಚಿಟ್ಟುಕೊಳ್ಳುವ ಜಾಲ) ಎಂದಿದ್ದರೆ ಆಸೆ ಇದೆ, ಏಕೆಂದರೆ ಅದೇ ಕಡತ ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರೆ ಅದನ್ನು ನೀವೇ ಮತ್ತೆ ಆ ಜಾಲಕ್ಕೆ ಏರಿಸಿ ಅದೇ ವಿಳಾಸದಲ್ಲಿ ಕಾಣುವಂತೆ ಮಾಡಬಹುದು. ಒಂದು ಚುಕ್ಕೆಯೂ ಬದಲಾಗಿರಬಾರದು ಅಷ್ಟೆ. ಕ್ರಿಪ್ಟೋಪಂಕ್ಸ್‌ನಂತೆ ಚಿತ್ರವನ್ನೇ ಬ್ಲಾಕ್‌ಚೈನ್ ಒಳಗೆ ಬರೆದಿಟ್ಟ ಸಂಗ್ರಹಗಳು ಕಡಿಮೆ.

ಧಾರವಾಡದಿಂದ ಅಂಚೆಚೀಟಿ, ನಾಣ್ಯ ಸಂಗ್ರಾಹಕರು: ಅಂಚೆಚೀಟಿಯೂ ಒಂದು ತುಂಡು ಕಾಗದವೇ. ವಿರಳತೆಯಿಂದ ಅದಕ್ಕೆ ಬೆಲೆ ಬರುವುದಾದರೆ ಎನ್‌ಎಫ್‌ಟಿಗೆ ಏಕೆ ಬರಬಾರದು? ಕ್ರಿಕೆಟ್ ಆಟಗಾರರ ಡಿಜಿಟಲ್ ಕಾರ್ಡ್‌ಗಳ ಬಗ್ಗೆಯೂ ತಿಳಿಸಿ.

ಉತ್ತರ: ನಿಮ್ಮ ವಾದದಲ್ಲಿ ಹುರುಳಿದೆ, ಅಂಚೆ ಇಲಾಖೆಗಳೂ ಅದನ್ನು ಒಪ್ಪಿವೆ. ಆಸ್ಟ್ರಿಯಾದ ಅಂಚೆ 2019ರ ಜೂನ್‌ನಲ್ಲಿ 6.90 ಯೂರೋ ಬೆಲೆಯ ಚೀಟಿಯೊಂದನ್ನು ತಂದಿತು. ಅದರಲ್ಲಿ ಒಂದು ಭಾಗವನ್ನು ಲಕೋಟೆಗೆ ಅಂಟಿಸಬಹುದು, ಇನ್ನೊಂದು ಭಾಗದಲ್ಲಿ ಅದರ ಡಿಜಿಟಲ್ ಜೋಡಿಯನ್ನು ಪಡೆಯುವ ಗುಪ್ತಸಂಕೇತವಿದೆ. ವ್ಯತ್ಯಾಸವಿರುವುದು ವಿರಳತೆಯ ಬುಡದಲ್ಲಿ. ನಿಮ್ಮ ಸಂಗ್ರಹದಲ್ಲಿ ಅಚ್ಯುತರಾಯನ ಗಂಡಭೇರುಂಡದ ವರಾಹ ಇದೆ ಎಂದು ಬರೆದಿದ್ದೀರಿ. ಸಂಗ್ರಾಹಕರೆಲ್ಲ ನಾಳೆ ಆಸಕ್ತಿ ಕಳೆದುಕೊಂಡರೂ ಅದರಲ್ಲಿ ಮೂರು ಗ್ರಾಂಗೂ ಮೀರಿದ ಚಿನ್ನ ಇದ್ದೇ ಇರುತ್ತದೆ, ಮತ್ತು ಅಚ್ಯುತರಾಯ ಮತ್ತೆ ಟಂಕಸಾಲೆ ತೆರೆಯಲಾರ. ಎನ್‌ಎಫ್‌ಟಿಯ ಟಂಕಸಾಲೆ ಮುಚ್ಚುವುದೇ ಇಲ್ಲ. 2021ರ ಏಪ್ರಿಲ್‌ನಲ್ಲಿ ಬಂದ 10,000 ಬೋರ್ಡ್ ಏಪ್‌ಗಳ ಬೆನ್ನಿಗೇ, ಆಗಸ್ಟ್‌ನಲ್ಲಿ, ಅದೇ ಕಂಪನಿ 20,000ದವರೆಗಿನ ಮ್ಯೂಟಂಟ್ ಏಪ್‌ಗಳನ್ನು ತಂದಿತು.

ಕ್ರಿಕೆಟ್ ಕಾರ್ಡ್‌ಗಳ ವಿಚಾರದಲ್ಲಿ 2023ರ ಏಪ್ರಿಲ್‌ನ ದೆಹಲಿ ಹೈಕೋರ್ಟ್ ಆದೇಶ ನೆನಪಿಡಬೇಕಾದದ್ದು. ಆಟಗಾರರ ಡಿಜಿಟಲ್ ಕಾರ್ಡ್‌ಗಳಿಗೆ ಪರವಾನಗಿ ಪಡೆದಿದ್ದ ರಾರಿಯೋ ಸಂಸ್ಥೆ, ಪರವಾನಗಿಯಿಲ್ಲದೆ ಆಟಗಾರರ ಹೆಸರು ಬಳಸಿ ಎನ್‌ಎಫ್‌ಟಿ ಕಾರ್ಡ್ ಮಾಡುತ್ತಿದ್ದ ಸ್ಟ್ರೈಕರ್ ಆ್ಯಪ್‌ಗೆ ತಡೆ ಕೋರಿತ್ತು. ಆಟಗಾರರ ಹೆಸರು, ಅಂಕಿಅಂಶಗಳು ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿ, ಅದರ ಮೇಲೆ ಒಬ್ಬರ ಏಕಸ್ವಾಮ್ಯ ಸಲ್ಲದು ಎಂದು ಹೇಳಿ ನ್ಯಾಯಾಲಯ ಮಧ್ಯಂತರ ತಡೆಗೆ ನಿರಾಕರಿಸಿತು. ಒಬ್ಬ ಬ್ಯಾಟ್ಸ್‌ಮನ್‌ನ 'ವಿರಳ' ಕಾರ್ಡ್ ನಿಮ್ಮಲ್ಲಿದ್ದರೆ ಅವನದೇ ಇನ್ನೊಂದು ವಿರಳ ಕಾರ್ಡನ್ನು ಪಕ್ಕದ ಆ್ಯಪ್ ನಾಳೆ ಬೆಳಿಗ್ಗೆ ತರಬಹುದು ಎಂದಾಯಿತು.

ದಾವಣಗೆರೆಯಿಂದ: ಉಚಿತ ಟೋಕನ್ ಕೊಡುತ್ತೇವೆಂಬ ಕೊಂಡಿಯನ್ನು ಒತ್ತಿ, ವಾಲೆಟ್‌ನಲ್ಲಿ ಬಂದ ಸೂಚನೆಗೆ ಒಪ್ಪಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಮೂರು ಎನ್‌ಎಫ್‌ಟಿಗಳು ಹೊರಟುಹೋದವು. ಈಗ ಒಬ್ಬರು, ಶೇ. 20 ಮುಂಗಡ ಕೊಟ್ಟರೆ ಹ್ಯಾಕ್ ಮಾಡಿ ವಾಪಸ್ ತರುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ವಾಪಸ್ ತರುತ್ತೇನೆನ್ನುವವನು ಎರಡನೆಯ ಕಳ್ಳ. ಅವನಿಗೆ ಒಂದು ರೂಪಾಯಿಯೂ ಬೇಡ. ನೀವು ಒತ್ತಿದ್ದು ಬಹುಶಃ 'ಈ ಸಂಗ್ರಹದ ನನ್ನ ಎಲ್ಲ ಟೋಕನ್‌ಗಳನ್ನು ಸಾಗಿಸಲು ಇವರಿಗೆ ಅನುಮತಿ ಇದೆ' ಎಂಬ ಸೂಚನೆಗೆ. ಅಂದರೆ ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ. ಆ ಅನುಮತಿ ಇನ್ನೂ ಜೀವಂತವಾಗಿರುವುದರಿಂದ ಮೊದಲು ಉಳಿದದ್ದನ್ನೆಲ್ಲ ಹೊಸದಾಗಿ ತೆರೆದ, ಬೇರೆ ಗುಪ್ತಪದಗಳಿರುವ ವಾಲೆಟ್‌ಗೆ ಸಾಗಿಸಿ, ಬಳಿಕ ಹಳೆಯದರ ಅನುಮತಿಗಳನ್ನು ರದ್ದುಮಾಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಠಾಣೆಗೂ ಹೋಗಿ. ಹೋಗುವಾಗ ನಿಮ್ಮ ವಾಲೆಟ್ ವಿಳಾಸ, ಕಳವಾದ ಟೋಕನ್‌ಗಳ ಸಂಖ್ಯೆ, ಅವು ಹೋದ ವಿಳಾಸ, ಪ್ರತಿ ವರ್ಗಾವಣೆಯ ಹ್ಯಾಶ್ ಎಂಬ ಉದ್ದನೆಯ ಸಂಕೇತ, ಇವನ್ನು ಮುದ್ರಿಸಿಕೊಂಡು ಒಯ್ಯಿರಿ. ಅಲ್ಲಿ 'ನನ್ನ ಚಿತ್ರ ಕಳುವಾಯಿತು' ಎಂದರೆ ಕೆಲಸ ಕೆಡುತ್ತದೆ, ಕಳುವಾದದ್ದು ಟೋಕನ್. ಕಳ್ಳ ಅದನ್ನು ರೂಪಾಯಿಗೆ ಬದಲಿಸಲು ನಮ್ಮ ದೇಶದ ಕ್ರಿಪ್ಟೋ ವಿನಿಮಯ ಕೇಂದ್ರಕ್ಕೆ ಬಂದರೆ, 2023ರ ಮಾರ್ಚ್‌ನಿಂದ ಅಂಥ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ, ಅವನ ಗುರುತಿನ ದಾಖಲೆ ಅಲ್ಲಿರುತ್ತದೆ.

ನ್ಯಾಯಾಲಯಗಳು ಇಂಥ ವಸ್ತುವನ್ನು ಆಸ್ತಿಯೆಂದು ಕಾಣತೊಡಗಿವೆ. ಸಿಂಗಪುರದ ಹೈಕೋರ್ಟ್ 2022ರಲ್ಲಿ ಬೋರ್ಡ್ ಏಪ್ ಎನ್‌ಎಫ್‌ಟಿಯೊಂದರ ವರ್ಗಾವಣೆಗೆ, ಎದುರಾಳಿ ಯಾರೆಂದೇ ಗೊತ್ತಿಲ್ಲದಿದ್ದರೂ, ತಡೆ ನೀಡಿತು. ನಮ್ಮಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋ ನಾಣ್ಯವನ್ನು ಆಸ್ತಿಯೆಂದು ಪರಿಗಣಿಸಿತು. ಇವು ನಿಮ್ಮ ವಕೀಲರಿಗೆ ಉಪಯೋಗಕ್ಕೆ ಬಂದಾವು. ಟೋಕನ್‌ಗಳು ಮರಳಿ ಬರುತ್ತವೆಂಬ ಭರವಸೆಯನ್ನಂತೂ ನಾನು ಕೊಡಲಾರೆ. ಅಮೆರಿಕದ ನಟ ಸೆತ್ ಗ್ರೀನ್ 2022ರಲ್ಲಿ ಇದೇ ರೀತಿ ಕಳೆದುಕೊಂಡ ಏಪ್ ಚಿತ್ರವನ್ನು ಕೊನೆಗೆ ಕೈಯಿಂದ ದುಡ್ಡು ಕೊಟ್ಟೇ ಬಿಡಿಸಿಕೊಂಡರು.

ಮೈಸೂರಿನಿಂದ ಓದುಗರೊಬ್ಬರು: ಆರು ತಿಂಗಳ ಹಿಂದೆ ನನ್ನ ಪತಿ ತೀರಿಕೊಂಡರು. ಅವರು ಡಿಜಿಟಲ್ ಚಿತ್ರಗಳನ್ನು ಕೊಳ್ಳುತ್ತಿದ್ದರೆಂಬುದು ಗೊತ್ತು, ಹೆಚ್ಚಿನದೇನೂ ತಿಳಿಯದು. ಅವರ ಫೋನ್ ನನ್ನ ಬಳಿ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಫೋನನ್ನು ಯಾರಿಗೂ ಕೊಡಬೇಡಿ, ಅಳಿಸಿ ಹೊಸದಾಗಿ ಹೊಂದಿಸಬೇಡಿ, ಸಿಮ್ ಚಾಲ್ತಿಯಲ್ಲಿರಲಿ. ಅವರ ಇಮೇಲ್‌ನಲ್ಲಿ ಭಾರತೀಯ ವಿನಿಮಯ ಕೇಂದ್ರ ಯಾವುದಾದರೂ ಕಳಿಸಿದ ಪತ್ರಗಳು ಸಿಕ್ಕರೆ ಆ ಭಾಗ ಸುಲಭ. ಮರಣ ಪ್ರಮಾಣಪತ್ರ ಮತ್ತು ಉತ್ತರಾಧಿಕಾರದ ದಾಖಲೆಗಳೊಂದಿಗೆ ಬ್ಯಾಂಕಿಗೆ ಬರೆಯುವಂತೆಯೇ ಅವರಿಗೂ ಬರೆಯಬಹುದು. ಆದರೆ ಚಿತ್ರಗಳು ಅವರ ಸ್ವಂತ ವಾಲೆಟ್‌ನಲ್ಲಿದ್ದರೆ ಅರ್ಜಿ ಕೊಡಲು ಅಲ್ಲಿ ಕಚೇರಿಯೂ ಇಲ್ಲ, ಅಧಿಕಾರಿಯೂ ಇಲ್ಲ. ಅದನ್ನು ತೆರೆಯುವುದು ಹನ್ನೆರಡು ಅಥವಾ ಇಪ್ಪತ್ನಾಲ್ಕು ಸಾಮಾನ್ಯ ಇಂಗ್ಲಿಷ್ ಪದಗಳ ಒಂದು ಸರಣಿ, ಅದನ್ನು ಹೆಚ್ಚಿನವರು ಕಾಗದದ ಮೇಲೆಯೇ ಬರೆದಿಡುತ್ತಾರೆ. ಅವರ ಡೈರಿಗಳು, ಪಾಸ್‌ಪೋರ್ಟ್ ಇಟ್ಟ ಚೀಲ, ವಿಮಾ ಪತ್ರಗಳ ಕಡತ, ಬ್ಯಾಂಕ್ ಲಾಕರ್, ಪುಸ್ತಕಗಳ ಕೊನೆಯ ಹಾಳೆ, ಎಲ್ಲವನ್ನೂ ನಿಧಾನವಾಗಿ ನೋಡಿ. ಅರ್ಥವಿಲ್ಲದಂತೆ ಒಂದರ ಕೆಳಗೊಂದು ಬರೆದ ಪದಗಳು ಕಂಡರೆ ಆ ಹಾಳೆಯನ್ನು ಫೋಟೋ ತೆಗೆಯದೆ, ಯಾರಿಗೂ ಓದಿ ಹೇಳದೆ ಹಾಗೆಯೇ ಎತ್ತಿಡಿ. ಪೆನ್‌ಡ್ರೈವ್‌ನಂಥ ಸಣ್ಣ ಸಾಧನವೇನಾದರೂ ಜೊತೆಯಲ್ಲಿ ಸಿಕ್ಕರೆ ಅದನ್ನೂ ಎಸೆಯಬೇಡಿ, ಅದೂ ವಾಲೆಟ್ ಆಗಿರಬಹುದು. ಪದಗಳು ಸಿಕ್ಕ ಬಳಿಕ, ಕುಟುಂಬದಲ್ಲಿ ನೀವು ಪೂರ್ತಿ ನಂಬುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಪದಗಳನ್ನು ಇರುವ ಕ್ರಮದಲ್ಲೇ ನೀವೇ ಟೈಪ್ ಮಾಡಿ ವಾಲೆಟ್ ತೆರೆಯಿರಿ.